ನಂದಿ ಹಾಲ್ಟಿನಲ್ಲಿ ಇಂಜಿನ್ನಿಗೆ ನೀರು

ನಮ್ಮ ವಿಶೇಷ ರೈಲು ನಂದಿ ಹಾಲ್ಟಿನಲ್ಲಿ ನೀರಿಗಾಗಿ ನಿಂತಿತು. ಜೋಪಾನವಾಗಿ ಉಳಿಸಿಕೊಂಡ ಹಳೆಯ ಪುಟ್ಟ ಉಗಿ ಇಂಜಿನ್ನು. ದ್ರಾಕ್ಷಿ ತೋಟಗಳಿಗೆ ನೀರು ಹೊಡೆಯುವ ಟ್ಯಾಂಕರೇ ಅದಕ್ಕೂ ಬಂದಿತ್ತು. ಪೈಪು ಜಾರಿತೆಂದು, ಕಲ್ಲಿದ್ದಲು ಹಾಕುವ ವಯಸ್ಸಾದ ಫೈರ್‌ಮನ್ ಇಂಜಿನ್ನಿನ ಮೇಲಕ್ಕೇ ಹತ್ತಿಬಿಟ್ಟರು. ಅವರು ಕೆಲಸ ಕಲಿತಾಗ ಹಳಿಯ ಮೇಲೆ ಬರೀ ಆಕಾಶವಿತ್ತು. ಈಗ ವಿದ್ಯುತ್ ತಂತಿ ಇದೆ. ಅದನ್ನು ಮುಟ್ಟಬೇಕೆಂದೇನಿಲ್ಲ, ಹತ್ತಿರ ಹೋದರೂ ಸಾಕು, ಜೀವ ಹೋಗುತ್ತದೆ.

ಅವರು ಕುಕ್ಕರಗಾಲಲ್ಲಿ ಕೂತು ನೀರಿನ ತೊಟ್ಟಿಯ ಬಾಯಿಗೆ ಪೈಪನ್ನು ತೂರಿಸುತ್ತಿದ್ದರು. ಎಚ್ಚರಿಸಲೆಂದು ನಾನು ಕಿಟಕಿಯಿಂದ ಬಗ್ಗಿದೆ. ಪಕ್ಕದಲ್ಲಿ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡಿದ್ದ ಅವರ ಹೆಂಡತಿ ನನ್ನ ಕೈ ಹಿಡಿದರು.

"ಕೂಗ್ಬೇಡಮ್ಮ. ಯಾರು ಕರೆದ್ರು ಅಂತ ಎದ್ದು ನಿಂತ್ಬಿಡ್ತಾರೆ. ನಂಗೊತ್ತು ಅವ್ರ ಅಭ್ಯಾಸ."

ಅಷ್ಟರಲ್ಲಿ ಪ್ಲಾಟ್‌ಫಾರ್ಮಿನಿಂದ ಒಬ್ಬ ಪ್ರಯಾಣಿಕ ಮೊಬೈಲ್ ಎತ್ತಿ ಹಿಡಿದು, "ಅಂಕಲ್, ಎದ್ದು ನಿಂತ್ಕೊಳ್ಳಿ, ಒಂದ್ ಫೋಟೋ!" ಎಂದ.

ಆಕೆಯ ಉಗುರು ನನ್ನ ಮಣಿಕಟ್ಟಿಗೆ ನಾಟಿತು. ಫೈರ್‌ಮನ್ ತಿರುಗಿದರು, ಏಳತೊಡಗಿದರು. ಮೊಣಕಾಲು ಅರ್ಧ ನೇರವಾಗಿತ್ತು. ಆಗ ತಂತಿಯ ನೆನಪಾಯಿತೋ ಏನೋ, ತಟ್ಟನೆ ಕೂತರು.

"ಏನಪ್ಪ, ಸಾಯ್ಸ್ತೀಯಾ ನನ್ನ? ಇನ್ನೂ ಊಟ ಮಾಡಿಲ್ಲ ಕಣೋ!"

ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ನಕ್ಕರು. ಅವರೂ ನಗುತ್ತಲೇ ಕೆಳಗಿಳಿದರು. ಆಕೆ ನನ್ನ ಕೈ ಬಿಟ್ಟು, ಎರಡೂ ಕೈಗಳಿಂದ ಡಬ್ಬಿ ಹಿಡಿದುಕೊಂಡರು.

"ಚಿಕ್ಕಬಳ್ಳಾಪುರದಲ್ಲಿ ಇನ್ನೊಂದ್ ಸಲ ನೀರು ಹಿಡೀಬೇಕು," ಎಂದರು.

ಡಬ್ಬಿಯ ಮುಚ್ಚಳ ಸಣ್ಣಗೆ ಗಿಲಗಿಲ ಸದ್ದು ಮಾಡುತ್ತಿತ್ತು. ರೈಲು ಇನ್ನೂ ಹೊರಟಿರಲಿಲ್ಲ.