ದುರ್ಬೀನಿಗೆ ಕಂಡ ಟ್ಯಾಂಕು

ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ಅವನನ್ನು ಎಲ್ಲರೂ ದುರ್ಬೀನು ಎಂದು ಕರೆಯುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ. ಇಪ್ಪತ್ತಾರು ವರ್ಷದಿಂದ ಅವನದು ಒಂದೇ ಕೆಲಸ: ಅರ್ಧ ಗಂಟೆಗೊಮ್ಮೆ ತಾರಸಿ ಹತ್ತಿ, ಎಷ್ಟು ದೂರ ಕಣ್ಣಿಗೆ ಕಾಣುತ್ತದೆಂದು ನೋಡಿ, ರಿಜಿಸ್ಟರಿನಲ್ಲಿ ಬರೆದು, ಕಂಟ್ರೋಲ್ ಟವರಿಗೆ ಫೋನಿನಲ್ಲಿ ಹೇಳುವುದು. ಬೇಲಿಯಷ್ಟೇ ಕಂಡರೆ ಮುನ್ನೂರು ಮೀಟರ್, ಗೋದಾಮು ಕಂಡರೆ ಆರುನೂರು, ನೀರಿನ ಟ್ಯಾಂಕು ಕಂಡರೆ ಸಾವಿರದ ಇನ್ನೂರು. ಟ್ಯಾಂಕು ಕಂಡರೆ ಮಾತ್ರ ವಿಮಾನ ಇಳಿಯಬಹುದು. ಇಲ್ಲವಾದರೆ ಬೇರೆ ಊರಿಗೆ ಹೋಗಬೇಕು.

ಮೊದಮೊದಲು ಹತ್ತಿ ನೋಡುತ್ತಿದ್ದ, ಸುಳ್ಳು ಹೇಳಬಾರದು. ಬರಬರುತ್ತ ಮೂವತ್ತೆರಡು ಮೆಟ್ಟಿಲು ಭಾರವಾದವು. ಕುರ್ಚಿ ಬಿಟ್ಟೇಳದೆ ಮೇಲಿನ ಸಾಲನ್ನೇ ಕೆಳಗಿನ ಸಾಲಿಗೆ ಇಳಿಸುವ ವಿದ್ಯೆ ಕರಗತವಾಯಿತು. ಹೊಸಬರಿಗೆ ಅದನ್ನೇ ಅನುಭವ ಎಂದು ಬೋಧಿಸುತ್ತಿದ್ದ.

ಈ ಅನುಭವಸ್ಥನ ಮನೆಯ ನಲ್ಲಿಯಲ್ಲಿ ಮೂರು ತಿಂಗಳಿಂದ ನೀರಿರಲಿಲ್ಲ. ಅದೇ ಟ್ಯಾಂಕು ಬಿರುಕು ಬಿಟ್ಟಿತೆಂದು ಪುರಸಭೆಯವರು ಕೆಡವಿ ಹಾಕಿದ್ದರು. ಹೆಂಡತಿ ಬಕೆಟ್ ಹಿಡಿದು ನೀರಿನ ಲಾರಿಯ ಹಿಂದೆ ಓಡುತ್ತಿದ್ದಳು. ಇವನು ಟ್ಯಾಂಕು ಕೆಡವಿದವರ ಜನ್ಮ ಜಾಲಾಡಿ, ಇಸ್ತ್ರಿ ಶರ್ಟು ತೊಟ್ಟು ಕಚೇರಿಗೆ ಬಂದು, ‘ಟ್ಯಾಂಕು ಕಾಣುತ್ತಿದೆ’ ಎಂದು ಬರೆಯುತ್ತಿದ್ದ. ಬೇಕೆಂದೇ ಮಾಡಿದ್ದರೂ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಕಳ್ಳನಿಗೆ ತಾನೇನು ಮಾಡುತ್ತಿದ್ದೇನೆಂದಾದರೂ ಗೊತ್ತಿರುತ್ತದೆ.

ಆ ಬೆಳಿಗ್ಗೆ ಜಡಿಮಳೆ. ಮೋಡ ನೆಲಕ್ಕೇ ಇಳಿದಿತ್ತು. ಟವರಿನವರು ಅನುಮಾನ ಬಂದು ಎರಡನೇ ಸಲ ಕೇಳಿದರು. ದುರ್ಬೀನು ಟೀ ಲೋಟ ಕೆಳಗಿಡದೆ ಸಾವಿರದ ಇನ್ನೂರು ಎಂದ. ಆ ಮಾತು ಪೈಲಟ್‌ನ ಕಿವಿಗೆ ಹೋಯಿತು. ವಿಮಾನ ರನ್‌ವೇ ಸಿಗದೆ ಗೋದಾಮಿನ ಹಿಂದಿನ ದಿಣ್ಣೆಗೆ ಬಡಿಯಿತು. ಪೈಲಟ್ ಸೇರಿ ನಲವತ್ತೊಂದು ಜನ ಸತ್ತರು.

ಕಚೇರಿಯ ಮುಖ್ಯಸ್ಥ ಬಾಗಿಲು ಹಾಕಿಕೊಂಡು ಇವನಿಗೆ ಬುದ್ಧಿ ಹೇಳಿದ. “ಸತ್ತ ಪೈಲಟ್ ತಲೆಗೆ ಕಟ್ಟಿದ್ರೆ ನಾವು ಉಳ್ಕೋತೀವಿ. ಬರೆದಿದ್ದನ್ನೇ ಹೇಳ್ತಾ ಇರು, ಸಾಕು.” ದುರ್ಬೀನಿಗೆ ಅದು ಕಷ್ಟದ ಕೆಲಸವೇ ಅಲ್ಲ. ಪೈಲಟ್ ಆತುರಗಾರನೆಂದು ಪೇಪರುಗಳೂ ಬರೆದವು. ಅವನ ತಾಯಿ ವಿಚಾರಣೆಗೆ ದಿನವೂ ಬಂದು, ತನ್ನ ಮಗ ಅಂಥವನಲ್ಲ ಎಂದು ಎದುರಾದವರಿಗೆಲ್ಲ ಹೇಳುತ್ತಿದ್ದಳು. ಅವಳು ಕೂರುವ ಬೆಂಚು ತಪ್ಪಿಸಲು ದುರ್ಬೀನು ಹಿಂಬಾಗಿಲಿನಿಂದ ಓಡಾಡಿದ. ಅಷ್ಟು ಮಟ್ಟಿಗೆ ಮಾನವಿತ್ತು.

ನಾಲ್ಕನೇ ದಿನ ವಿಚಾರಣೆಯ ಅಧಿಕಾರಿ, ಹೊರಗಿನಿಂದ ಬಂದಿದ್ದ ಹೆಂಗಸು, ಎಲ್ಲರನ್ನೂ ತಾರಸಿಗೆ ಕರೆದಳು. ದುರ್ಬೀನು ಎಷ್ಟೋ ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದ. ಏದುಸಿರು ಬಿಡುತ್ತ ಗೋಡೆ ಹಿಡಿದು ತಲೆ ಬಗ್ಗಿಸಿ ನಿಂತ.

“ಇಲ್ಲಿಂದ ಟ್ಯಾಂಕು ಕಾಣುತ್ತಾ?” ಎಂದು ಅಧಿಕಾರಿ ಕೇಳಿದಳು.

“ಚೆನ್ನಾಗಿ ಕಾಣ್ತಾ ಇದೆ ಮೇಡಂ,” ಎಂದ, ತಲೆ ಎತ್ತದೆಯೇ.

ಎಲ್ಲರೂ ಅವನತ್ತ ತಿರುಗಿದರು. ಆಗ ತಲೆ ಎತ್ತಿದ. ಬಿಸಿಲು ಹೊಳೆಯುತ್ತಿತ್ತು, ಗೋದಾಮಿನ ಆಚೆ ಬರೀ ಆಕಾಶವಿತ್ತು. ಪೈಲಟ್‌ನ ತಾಯಿ ಜನರ ನಡುವಿನಿಂದ ಮುಂದೆ ಬಂದಳು.

“ಹೀಗೇ ಹೇಳಿದ್ದಾ ನೀನು, ನನ್ನ ಮಗನಿಗೆ?”