ವನಜಾ ಸುತ್ತಿದ ಟ್ರಾನ್ಸ್‌ಫಾರ್ಮರ್

ಮದ್ದೂರಿನ ಆ ಮನೆಯಲ್ಲಿ ರೇಡಿಯೊ ಕೋಣೆಗೆ ವನಜಾ ದಿನಕ್ಕೆರಡು ಸಲ ಹೋಗುತ್ತಿದ್ದಳು. ಬೆಳಿಗ್ಗೆ ಕಸ ಗುಡಿಸಲು, ಸಂಜೆ ಕಾಫಿ ಕೊಡಲು. ಗಂಡ ನಾಗರಾಜು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊಗಾರ. ಸಂಜೆಯಾದರೆ ಮೈಕು ಹಿಡಿದು ಎಲ್ಲೆಲ್ಲಿಯವರ ಜೊತೆಗೋ ಮಾತಾಡುವವನು.

ದನಿ ಇನ್ನೂ ದೂರ ಹೋಗಲಿ ಎಂದು ಆತ ಒಂದು ಆಂಪ್ಲಿಫೈಯರ್ ತಂದು ರೇಡಿಯೊಗೆ ಕರೆಂಟು ಕೊಡುವ ಹಳೆಯ ಪವರ್ ಸಪ್ಲೈ ಡಬ್ಬಕ್ಕೇ ಸಿಕ್ಕಿಸಿದ. ಸುಮ್ಮನಿದ್ದಾಗ ಎಲ್ಲ ಸರಿಯಿತ್ತು. ಬಾಯಿ ತೆರೆದೊಡನೆ ವೋಲ್ಟೇಜ್ ಕುಸಿದು ಮಾತು ತುಂಡಾಗುತ್ತಿತ್ತು.

“ಎರಡರ ಮೇಲೂ ಹದಿಮೂರು ಪಾಯಿಂಟ್ ಎಂಟು ವೋಲ್ಟು ಅಂತಲೇ ಬರ್ದದೆ. ಇನ್ನೇನಾಗ್ಬೇಕಂತೆ ಇದಕ್ಕೆ?”

“ವೋಲ್ಟು ಸರಿ,” ಎಂದಳು ವನಜಾ, ಲೋಟ ಇಡುತ್ತಾ. “ಮಾತಾಡುವಾಗ ಅದು ಇಪ್ಪತ್ತು ಆಂಪ್ಸ್ ಎಳೀತದೆ. ನಿಮ್ಮ ಡಬ್ಬ ಕೊಡೋದು ಹತ್ತೇ. ಮೂರು ಎಚ್‌ಪಿ ವೈರಿಗೆ ಹತ್ತು ಎಚ್‌ಪಿ ಮೋಟ್ರು ಕಟ್ದಂಗಾಯ್ತು.”

“ಓಹೋ, ಹೊನ್ನಯ್ಯನ ಮಗಳು ಬಾಯಿ ಬುಟ್ಲು.”

“ಬುಡದೆ? ಸುಟ್ಟೋದ ಮೇಲೆ ಬುಟ್ರೆ ಏನು ಬಂತು?”

ಹೊನ್ನಯ್ಯ ಬೆಸಗರಹಳ್ಳಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವವನು. ಶಾಲೆ ಬಿಟ್ಟ ಮೇಲೆ ಮದುವೆಯಾಗುವವರೆಗೆ ವನಜಾ ಅಪ್ಪನ ಪಕ್ಕದಲ್ಲೇ ಕೂತು ಸುತ್ತಿದ್ದಳು.

ಹೊಸ ಸಪ್ಲೈಗೆ ಇಪ್ಪತ್ತೈದು ಆಂಪ್ಸಿನ ಟ್ರಾನ್ಸ್‌ಫಾರ್ಮರ್ ಅವಳೇ ಸುತ್ತಿದಳು. ಅನ್ನಕ್ಕಿಟ್ಟು ಒಂದಷ್ಟು, ಬಟ್ಟೆ ನೆನೆಹಾಕಿ ಒಂದಷ್ಟು. ಐವತ್ತು ಸುತ್ತಿಗೊಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕುವುದು ಅಪ್ಪನ ಲೆಕ್ಕ. ಅತ್ತೆ ಚಲುವಮ್ಮ, “ವನಜಾ, ನೀರು ಕಾದದಾ?” ಎಂದು ಕೂಗಿದಾಗ ನಲವತ್ತರಲ್ಲಿದ್ದರೆ ಲೆಕ್ಕ ತಪ್ಪದಿರಲೆಂದು ಆ ನಲವತ್ತನ್ನೂ ಬಿಚ್ಚಿ ಎದ್ದು ಹೋಗಬೇಕು. ಮೂರು ವಾರ ಹಿಡಿಯಿತು. ಉಳಿದ ಬೋರ್ಡಿಗೆ ನಾಗರಾಜು ಬೆಸುಗೆ ಹಾಕಿದ. ಸಿಕ್ಕಿಸಿದ ಮೇಲೆ ಎಷ್ಟು ಮಾತಾಡಿದರೂ ವೋಲ್ಟ್ ಮೀಟರಿನ ಮುಳ್ಳು ಅಲುಗಲಿಲ್ಲ.

ಅದನ್ನು ನೋಡಲೆಂದೇ ಒಂದು ಭಾನುವಾರ ಮಂಡ್ಯದಿಂದ ಸುಧೀಂದ್ರ ಬಂದರು. ಪಾಲಿಟೆಕ್ನಿಕ್ಕಿನಲ್ಲಿ ಕಲಿಸಿ ನಿವೃತ್ತರಾದವರು, ರೇಡಿಯೊಗಾರರ ಕೂಟದ ಹಿರಿಯರು. ಮುಚ್ಚಳ ತೆಗೆಸಿ ಬಗ್ಗಿ ನೋಡಿದರು.

“ಇದು ಮೋಟಾರು ಕಟ್ಟಿ ಪಳಗಿದ ಕೈ. ತುದೀಲಿ ನೂಲು ಬಿಗಿದಿರೋದು ನೋಡಿ. ಯಾರು ಸುತ್ತಿದ್ದು?”

“ನಾನೇ ಸಾರ್,” ಎಂದ ನಾಗರಾಜು.

ಸುಧೀಂದ್ರ ತಲೆಯೆತ್ತಿದರು. ವನಜಾ ತಿಂಡಿ ತಟ್ಟೆ ಹಿಡಿದು ಬಾಗಿಲಲ್ಲಿದ್ದಳು. “ಹೌದೇನಮ್ಮ?”

ಬಂದವರೆದುರು ಗಂಡನ ಮಾತು ತೆಗೆದುಹಾಕಬಾರದೆಂದು ಅವಳ ತಾಯಿ ಹೊಂಬಾಳಮ್ಮ ರೊಟ್ಟಿ ತಟ್ಟುವುದನ್ನು ಕಲಿಸಿದ ವಯಸ್ಸಿನಲ್ಲೇ ಕಲಿಸಿದ್ದಳು. “ಹೌದು ಸಾರ್, ಅವರೇ.”

“ಇರಲಿ. ಮಂಡ್ಯದಲ್ಲಿ ಹೆಣ್ಣುಮಕ್ಕಳಿಗೆ ತಂತಿ ಸುತ್ತೋ ವೈಂಡಿಂಗ್ ಕಲಿಸೋ ತರಗತಿ ಶುರುಮಾಡ್ತಿದ್ದೀವಿ. ಕಲಿಸೋದಕ್ಕೆ ಹೆಂಗಸರೊಬ್ಬರು ಸಿಗ್ತಾರೇನೋ ಅಂತ ಹುಡುಕ್ತಿದ್ದೆ.”

ಆಗಲಾದರೂ ಹೇಳಬಹುದಿತ್ತು. ಆದರೆ ಹೇಳಿದರೆ ನಾಗರಾಜು ಸುಳ್ಳುಗಾರನಾಗುತ್ತಿದ್ದ, ಅವಳೂ ಆಗುತ್ತಿದ್ದಳು. ತಿಂಡಿ ತಟ್ಟೆ ಇಟ್ಟು, ಕಾಫಿಯ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅವರು ಹೋದ ಮೇಲೆ ಗಂಡನನ್ನು ಕೇಳಿದಳು. “ಯಾಕಂಗಂದ್ರಿ?”

“ಬಾಯಿಗೆ ಬಂತು, ಅಂದೆ. ನಿನ್ನೂ ಕೇಳುದ್ರಲ್ಲ, ಹೇಳ್ಬೋದಿತ್ತಲ್ಲ ನೀನು.”

ಪಾತ್ರೆ ಉಜ್ಜುವಾಗ, ಬಟ್ಟೆ ಹಿಂಡುವಾಗ ಗಂಡನ ಆ ಮಾತೇ ಬಂದು ನಿಲ್ಲುತ್ತಿತ್ತು. ಹನ್ನೊಂದನೆಯ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ರೇಡಿಯೊ ಮೇಜಿನ ಮೇಲಿನ ಪುಸ್ತಕದಿಂದ ಸುಧೀಂದ್ರರ ನಂಬರು ತೆಗೆದು ಫೋನ್ ಮಾಡಿದಳು.

“ಸಾರ್, ಆ ಟ್ರಾನ್ಸ್‌ಫಾರ್ಮರ್ ಸುತ್ತಿದ್ದು ನಾನು.”



“ನಿಮ್ಮ ಬೆರಳ ಮೇಲೆ ತಂತಿ ಕೊಯ್ದ ಗೆರೆ ಇತ್ತಮ್ಮ, ಕಾಫಿ ಕೊಡುವಾಗಲೇ ನೋಡಿದ್ದೆ. ನೀವೇ ಹೇಳಲಿ ಅಂತ ಕೇಳಿದ್ದು. ಮೊನ್ನೆ ಸೋಮವಾರ ಬೇರೆಯವರನ್ನ ತಗೊಂಡಾಯ್ತು.”

“ಸರಿ ಸಾರ್,” ಎಂದಳು ವನಜಾ. ಅತ್ತ ಫೋನ್ ಇಟ್ಟ ಮೇಲೂ ಅವಳು ಕಿವಿಯಿಂದ ತೆಗೆಯಲಿಲ್ಲ.