ಬಂಡೆಗೆ ಹಚ್ಚಿದ ಕುಂಕುಮ

ಆಗೆಲ್ಲ ಬೇಸಿಗೆಯ ಲಾಂಗ್ ವೀಕೆಂಡ್ ಬಂತೆಂದರೆ ರಿಚ್ಮಂಡ್ ಹಿಲ್‌ನ ನಮ್ಮ ಮನೆ ರೊಟ್ಟಿ ಬಡಿಯುವ ಸದ್ದಿಗೇ ಏಳುತ್ತಿತ್ತು. ಕಾರಿನ ತುಂಬ ಶೇಂಗಾ ಚಟ್ನಿಯ ಘಮ. ಹಿಂದಿನ ಸೀಟಿನಲ್ಲಿ ಹುಣಸೆಬೀಜ ಮುಷ್ಟಿಯಲ್ಲಿ ಮುಚ್ಚಿ ಸರಿಯೋ ಬೆಸವೋ ಆಟ.

ನನಗೆ ಹನ್ನೊಂದಾಗಿದ್ದ ವರ್ಷ, ಹುಬ್ಬಳ್ಳಿಯಿಂದ ಈ ಪರದೇಶಕ್ಕೆ ಬಂದಿದ್ದ ಅಜ್ಜಿಯನ್ನು ಅಪ್ಪ ದೂರದ ಒಂದು ಸಂರಕ್ಷಿತ ಅರಣ್ಯಕ್ಕೆ ಕರೆದೊಯ್ದ. ಅಲ್ಲಿ ಸರೋವರದಿಂದ ನೆಟ್ಟಗೆ ಎದ್ದ ಬಂಡೆಯ ಮೇಲೆ ಆ ನೆಲದ ಮೂಲಜನರು ಎಷ್ಟೋ ಕಾಲದ ಹಿಂದೆ ಬರೆದ ಕೆಂಪು ಚಿತ್ರಗಳಿದ್ದವು. ದೋಣಿಯಲ್ಲೇ ಹೋಗಬೇಕು. ಒಂದು ತಾಸಿಗೆ ಕೊಡುವ ದೋಣಿಯನ್ನು ಮಾತಾಡಿ ಅದೇ ಬಾಡಿಗೆಗೆ ಒಂದೂವರೆ ತಾಸು ಮಾಡಿಸಿದ್ದು ನಾನು. ಕೊಡುವವನು ಯೋಚಿಸುವಾಗ ನಾವು ಸುಮ್ಮನಿರಬೇಕು, ತಾನಾಗಿ ಇಳಿಯುತ್ತಾನೆ. ಇಂದಿಗೂ ನನ್ನ ಅಂಗಡಿ ನಡೆಯುತ್ತಿರುವುದು ಇದೇ ವಿದ್ಯೆಯಿಂದ.

ಅಪ್ಪ ಲೈಫ್ ಜಾಕೆಟ್ ಕಟ್ಟಿಕೊಳ್ಳುತ್ತಿದ್ದಾಗ ಅಜ್ಜಿ ದಡದ ಬೋರ್ಡು ತೋರಿಸಿದಳು.

"ಏನ್ ಬರದಾರವ್ವ ಅದರಾಗ?"

"ನಥಿಂಗ್, ಅಜ್ಜಿ. ಬರೇ ಹೆಸರೈತಿ. ಲೇಟಾಗ್ತೈತಿ, ಹತ್ತು."

ಬೋರ್ಡಿನಲ್ಲಿ ನಿಜಕ್ಕೂ ಚಿತ್ರಗಳನ್ನು ಮುಟ್ಟಬಾರದು ಎಂದಿತ್ತು. ಓದಿ ಹೇಳಿದರೆ ಹತ್ತು ಪ್ರಶ್ನೆ ಕೇಳುತ್ತಾಳೆ, ಗಿಟ್ಟಿಸಿದ ಅರ್ಧ ತಾಸು ಅಲ್ಲೇ ಹೋಗುತ್ತದೆ ಅಂದುಕೊಂಡೆ.

ಬಂಡೆಯ ನೆರಳಲ್ಲಿ ನೀರು ಕಪ್ಪಾಗಿತ್ತು. ಹಕ್ಕಿಯ ಸದ್ದೂ ಇರಲಿಲ್ಲ. ಕೈಗೆಟಕುವಷ್ಟು ಹತ್ತಿರದಲ್ಲಿ, ಎರಡೂ ಕೈ ಎತ್ತಿದ ಮಾಸಲು ಆಕೃತಿಯೊಂದು ನಮ್ಮನ್ನೇ ಕಾಯುತ್ತಿದ್ದಂತೆ ನಿಂತಿತ್ತು.

"ನಮ್ಮ ಕರೆವ್ವ ಇದ್ದಂಗ ಅದಾಳ. ಎಣ್ಣಿ ಕಾಣದ ಎಷ್ಟ್ ವರ್ಷ ಆತೋ," ಅಂದಳು ಅಜ್ಜಿ. ಊರಲ್ಲಿ ದೇವಿ ಕರೆವ್ವನ ಕಲ್ಲಿಗೆ ಎಣ್ಣೆ, ಕುಂಕುಮ ಹಚ್ಚುವುದು ಅವಳ ಮಂಗಳವಾರದ ಕೆಲಸ. ಮುಂದೆ ಕೂತು ಹುಟ್ಟು ಹಾಕುತ್ತಿದ್ದ ಅಪ್ಪನ ಬೆನ್ನು ನಮ್ಮ ಕಡೆಗಿತ್ತು. ಅಜ್ಜಿ ಚೀಲದ ಕುಂಕುಮಕ್ಕೆ ತಲೆಗೆ ಹಚ್ಚುವ ಎಣ್ಣೆ ಕಲಸಿ ಹಚ್ಚಿಯೇಬಿಟ್ಟಳು. ಆಕೃತಿಯ ಮೈಯಿಂದ ಕೆಂಪಗೆ ಇಳಿಯತೊಡಗಿತು.

ಅಪ್ಪ ತಿರುಗಿದ. "ಅವ್ವಾ, ಏನ್ ಮಾಡಿದಿ? ಇವನ್ನ ಮುಟ್ಟಂಗಿಲ್ಲ. ಇಲ್ಲೇ ಕಾಯಂ ಇರಾಕ ನಮ್ಮ ಪಿಆರ್ ಇನ್ನೂ ಬಂದಿಲ್ಲ. ಎಲ್ಲಾರನ್ನೂ ಹೊರಗ ಹಾಕ್ತಾರ."

ಬುತ್ತಿಚೀಲದಲ್ಲಿ ಪಾತ್ರೆ ತಿಕ್ಕುವ ಸ್ಕ್ರಬ್ಬರಿತ್ತು. ಅದರಿಂದಲೇ ತಿಕ್ಕಿದ. ಕುಂಕುಮ ಹೋಯಿತು. ಆಕೃತಿಯ ಎತ್ತಿದ ಒಂದು ಕೈಯೂ ಹೋಯಿತು.

"ಮುಟ್ಟಬಾರ್ದಂತ ನನಗ ಯಾರರ ಹೇಳಿದ್ರೇನೋ?" ಅಜ್ಜಿ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ನಾನು ನೀರು ನೋಡುತ್ತ ಕೂತೆ.

ಊರಿಗೆ ಮರಳಿದ ಮೇಲೆ ಅವಳು ಕರೆವ್ವನ ಕಲ್ಲು ಮುಟ್ಟಲಿಲ್ಲ. "ನನ್ನ ಕೈ ಕೆಟ್ಟೈತಿ" ಅನ್ನುತ್ತಿದ್ದಳಂತೆ. ಹಾಗೆ ನಂಬಿಕೊಂಡೇ ತೀರಿಹೋದಳು. ಅವಳಿರುವತನಕ ವಾರವಾರ ಫೋನಿನಲ್ಲಿ ಮಾತಾಡುತ್ತಿದ್ದೆವು, ಬೋರ್ಡಿನ ಮಾತನ್ನು ಮಾತ್ರ ನಾನು ಎತ್ತಲಿಲ್ಲ. ನಿಮ್ಮ ಮನೆಗೂ ಊರಿಂದ ಹಿರಿಯರು ಬರುತ್ತಾರೆ. ಅವರು ಕೇಳಿದ್ದನ್ನು ಪೂರ್ತಿ ಓದಿ ಹೇಳಿ. ಅವಸರ ಬೇಡ.

ಈಗ ಅಲ್ಲಿ ದೋಣಿಗಳನ್ನು ದೂರದಲ್ಲೇ ತಡೆಯುತ್ತಾರೆ. ಹೋದ ಬೇಸಿಗೆ ಮಗಳು ದುರ್ಬೀನು ಹಿಡಿದು ಕೇಳಿದಳು, "ಅಮ್ಮಾ, ವೈ ಓನ್ಲಿ ಒನ್ ಆರ್ಮ್?"

ಬರೆದವರೇ ಹಾಗೆ ಬರೆದಿದ್ದಾರೆ ಅಂದೆ. ಅವಳು ನಂಬಿದಳು.